ಅಜ್ಜನ ವಿಲ್ಲಿಸ್ ಪಿಕಪ್‌ಗೆ ಡೀಸೆಲ್ ಎಂಜಿನ್ ಹಾಕಿಸಬೇಡಿ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದ ಶೆಡ್ಡಿನಲ್ಲಿ ಅಜ್ಜ ಓಡಿಸುತ್ತಿದ್ದ 1953ರ ವಿಲ್ಲಿಸ್ ಜೀಪ್ ಪಿಕಪ್ ನಿಂತಿದೆ. ಪೆಟ್ರೋಲ್, ಫೋರ್ ವೀಲ್ ಡ್ರೈವ್. ಸ್ಟಾರ್ಟ್ ಮಾಡಿ ಹತ್ತು ವರ್ಷಕ್ಕೂ ಮೇಲಾಯಿತು. ಗ್ಯಾರೇಜಿನವರು ಡೀಸೆಲ್ ಎಂಜಿನ್, ಪವರ್ ಸ್ಟೀರಿಂಗ್, ಅಲಾಯ್ ವೀಲ್, ಮೆಟಾಲಿಕ್ ಪೇಂಟ್ ಎಲ್ಲ ಹಾಕಿ ಹೊಸದರ ಹಾಗೆ ಮಾಡಿಕೊಡುತ್ತೇವೆ ಅನ್ನುತ್ತಾರೆ. ಚಿಕ್ಕಪ್ಪ ಮುಟ್ಟಲೇಬೇಡ ಅನ್ನುತ್ತಾರೆ. ನನಗೆ ಗಾಡಿ ಓಡಬೇಕು, ಆದರೆ ಅದು ಅಜ್ಜನ ಗಾಡಿಯಾಗಿಯೇ ಉಳಿಯಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಗ್ಯಾರೇಜಿನವರಿಗೆ ಬೇಡ ಅಂತ ಹೇಳಿಬಿಡಿ. ಚಿಕ್ಕಪ್ಪ ಹೇಳುವುದರಲ್ಲಿ ಅರ್ಧ ಸರಿ ಇದೆ. ಸುಮ್ನೆ ನಿಲ್ಲಿಸಿಟ್ಟರೆ ಮಲೆನಾಡಿನ ಮಳೆಗೆ ಅದು ಉಳಿಯುವುದಿಲ್ಲ, ಹಾಗಾಗಿ ಕೈ ಹಾಕಲೇಬೇಕು. ಹಾಕುವಾಗ ಒಂದೇ ಒಂದು ನಿಯಮ ಇಟ್ಟುಕೊಳ್ಳಿ: ಮಾಡಿದ್ದನ್ನು ನಾಳೆ ಯಾರಾದರೂ ಬೋಲ್ಟು ಬಿಚ್ಚಿ ವಾಪಸ್ ಮೊದಲಿನಂತೆ ಮಾಡಲು ಆಗಬೇಕು. ಚಾಸಿಗೆ, ಅಂದರೆ ಗಾಡಿಯನ್ನು ಹೊತ್ತ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಕಟರ್ ಇಡುವಂತಿಲ್ಲ, ಡ್ಯಾಶಿಗೆ ಹೊಸ ತೂತು ಕೊರೆಯುವಂತಿಲ್ಲ, ಬಿಚ್ಚಿದ ಯಾವ ಪಾರ್ಟನ್ನೂ ಗುಜರಿಗೆ ಕೊಡುವಂತಿಲ್ಲ. ಬ್ರೇಕ್, ವೈರಿಂಗ್, ಪೆಟ್ರೋಲ್ ಪೈಪು ಈ ಮೂರು ಮಾತ್ರ ಹೊಸದಾಗಲೇಬೇಕು, ಅವು ಕಣ್ಣಿಗೆ ಬೀಳುವುದೂ ಇಲ್ಲ. ಉಳಿದದ್ದೆಲ್ಲ ಮೊದಲು ರಿಪೇರಿ, ಆಗದಿದ್ದರೆ ಮಾತ್ರ ಬದಲಾವಣೆ.

ನಿಮ್ಮ ಕೈಯಲ್ಲಿ ಇರುವುದು ಏನು ಅಂತ ಸ್ವಲ್ಪ ತಿಳಿದುಕೊಳ್ಳಿ, ಯಾಕೆಂದರೆ ರಿಪೇರಿಯ ದಾರಿ ಅದರಲ್ಲೇ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊದಲ್ಲಿದ್ದ ವಿಲ್ಲಿಸ್ ಓವರ್‌ಲ್ಯಾಂಡ್ ಕಂಪನಿ ಜೀಪಿನ ಹೆಸರಿನಲ್ಲೇ ಸಾಮಾನ್ಯ ಜನರ ಗಾಡಿಗಳನ್ನು ಮಾಡಲು ಹೊರಟಿತು. ಬ್ರೂಕ್ಸ್ ಸ್ಟೀವನ್ಸ್ ಅನ್ನುವ ವಿನ್ಯಾಸಕಾರ ಮೊದಲು 1946ರಲ್ಲಿ ಸ್ಟೇಷನ್ ವ್ಯಾಗನ್ನಿಗೆ ರೂಪ ಕೊಟ್ಟರು, 1947ರಲ್ಲಿ ಅದೇ ಮುಖ ಹೊತ್ತು ಪಿಕಪ್ ಬಂತು, 1965ರವರೆಗೆ ತಯಾರಾಯಿತು. ಆಗ ಕಾರಿನ ಬಾಡಿ ಒತ್ತುವ ದೊಡ್ಡ ಕಾರ್ಖಾನೆಗಳು ವಿಲ್ಲಿಸ್‌ಗೆ ಸಿಗಲಿಲ್ಲ. ಮನೆ ಸಾಮಾನಿನ ತಗಡು ಒತ್ತುತ್ತಿದ್ದವರ ಪ್ರೆಸ್ಸಿನಲ್ಲೇ ಕೆಲಸ ಆಗಬೇಕಿತ್ತು, ಆ ಪ್ರೆಸ್ಸುಗಳು ತಗಡನ್ನು ಹೆಚ್ಚು ಆಳಕ್ಕೆ ಒತ್ತುತ್ತಿರಲಿಲ್ಲ. ಅದಕ್ಕೇ ಈ ಗಾಡಿಯ ಮಡ್‌ಗಾರ್ಡು, ಬಾಗಿಲು ಎಲ್ಲ ಚಪ್ಪಟೆ, ನೇರ ಗೆರೆ, ಸರಳ ಮಡಿಕೆ. ಇದು ನಿಮಗೆ ದೊಡ್ಡ ಲಾಭ. ಒಳ್ಳೆಯ ಟಿಂಕರಿಂಗ್ ಮೇಸ್ತ್ರಿ ಇದ್ದರೆ ಹಾಸನದಲ್ಲೇ ಕೂತು ಈ ಬಾಡಿಯ ಬಹುಪಾಲು ತುಂಡುಗಳನ್ನು ಕೈಯಲ್ಲಿ ಬಡಿದು ಮಾಡಬಹುದು. ಅದೇ ಕಾಲದ ಷೆವರ್ಲೆ ಟ್ರಕ್ಕಿನ ಉಬ್ಬಿದ ಮಡ್‌ಗಾರ್ಡಿಗೆ ಹೀಗೆ ಹೇಳಲು ಆಗುವುದಿಲ್ಲ.

ಮುಂದಿನ ಜಾಲರಿ ನೋಡಿ. 1950ರಿಂದ ಅದು ಮಧ್ಯದಲ್ಲಿ ಸ್ವಲ್ಪ ಮುಂದಕ್ಕೆ ಚೂಪಾಗಿ, ಮೇಲೆ ಅಡ್ಡಪಟ್ಟಿಗಳೊಂದಿಗೆ ಬರತೊಡಗಿತು. 1953ರದ್ದಕ್ಕೆ ಐದು ಪಟ್ಟಿ, 1954ರಿಂದ ಮೂರು. ಮುಂಗಾಜು ನಡುವೆ ಕಂಬಿ ಇರುವ ಎರಡು ತುಂಡಿನದು. ಗ್ಯಾರೇಜಿನಲ್ಲಿ ಯಾರಾದರೂ 'ಸರ್, ಒಂದೇ ಗ್ಲಾಸ್ ಮಾಡಿಬಿಡೋಣ, ಲುಕ್ ಚೆನ್ನಾಗಿರುತ್ತೆ' ಅಂದರೆ ಒಪ್ಪಬೇಡಿ. ಎರಡೂ ಚಪ್ಪಟೆ ಗಾಜು ಅಲ್ವಾ, ಗಾಜಿನ ಅಂಗಡಿಯಲ್ಲಿ ಲ್ಯಾಮಿನೇಟೆಡ್ ಗಾಜು ಕತ್ತರಿಸಿ ಕೊಡುತ್ತಾರೆ. ಇಷ್ಟು ಸುಲಭವಾಗಿ ಸರಿಯಾಗುವುದನ್ನು ಯಾಕೆ ಕೆಡಿಸಬೇಕು?

ಒಂದು ಸ್ಪ್ಯಾನರ್ ಮುಟ್ಟುವ ಮುಂಚೆ ಫೋಟೋ ತೆಗೆಯಿರಿ. ಸುತ್ತ, ಒಳಗೆ, ಕೆಳಗೆ, ಪ್ರತಿ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಪ್ರತಿ ಬೋಲ್ಟಿನ ತಲೆ ಯಾವ ಥರ ಇದೆ, ಎಲ್ಲ. ಎಂಜಿನ್ ಹಿಂದಿನ ತಗಡಿನ ಗೋಡೆಗೆ ರಿವೆಟ್ ಹೊಡೆದಿರುವ, ಗಾಡಿಯ ಸೀರಿಯಲ್ ನಂಬರ್ ಒತ್ತಿದ ಪುಟ್ಟ ಪ್ಲೇಟ್ ಇರುತ್ತದೆ. ಆ ರಿವೆಟ್ ಯಾವ ಕಾರಣಕ್ಕೂ ಕೊರೆಯಬೇಡಿ, ಪೇಂಟ್ ಮಾಡುವಾಗ ಅದರ ಮೇಲೆ ಟೇಪ್ ಅಂಟಿಸಿ. ಎಂಜಿನ್ ನಂಬರ್ ಬ್ಲಾಕಿನ ಮುಂಭಾಗದಲ್ಲಿ, ವಾಟರ್ ಪಂಪ್ ಕೂರುವ ಜಾಗದ ಹತ್ತಿರ ಒತ್ತಿರುತ್ತಾರೆ. ಎರಡನ್ನೂ ಆರ್‌ಸಿ ಜೊತೆ ಹೋಲಿಸಿ ನೋಡಿ. ಬಾಗಿಲ ಮೇಲೆ ತೋಟದ ಹೆಸರು ಬರೆಸಿದ್ದಾರಾ? ಎಂವೈಯಿಂದ ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರ್ ಕೈಬರಹದಲ್ಲಿ ಇದೆಯಾ? ಇದ್ದರೆ ಇಡೀ ಗಾಡಿಯಲ್ಲಿ ಅತಿ ಬೆಲೆಬಾಳುವುದು ಅದೇ. ಎಂಜಿನ್ ಇನ್ನೊಂದು ಸಿಗಬಹುದು, ನಿಮ್ಮ ತೋಟದ ಹೆಸರನ್ನು ಆ ಕಾಲದ ಬ್ರಷ್ಷಿನಲ್ಲಿ ಬರೆದ ಬಾಗಿಲು ಇನ್ನೊಂದು ಸಿಗುವುದಿಲ್ಲ.

ಈಗ ಎಂಜಿನ್. ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯಬೇಡಿ! ನಿಂತ ಗಾಡಿ ಹಾಳಾಗುವುದು ಜಾಸ್ತಿ ಆ ಮೊದಲ ಐದು ನಿಮಿಷದಲ್ಲೇ. 1953ರ ನಾಲ್ಕು ಸಿಲಿಂಡರ್ ಪಿಕಪ್ಪಿನಲ್ಲಿ ಇರಬೇಕಾದದ್ದು ಹರಿಕೇನ್ ಎಫ್ 134 ಎಂಜಿನ್, 2.2 ಲೀಟರ್, 70ಕ್ಕೆ ಚೂರು ಮೇಲೆ ಅಶ್ವಶಕ್ತಿ. ಇದರ ರಚನೆ ಸ್ವಲ್ಪ ಬೇರೆ. ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲೇ. ವರ್ಷಗಟ್ಟಲೆ ನಿಂತಾಗ ಸಾಮಾನ್ಯವಾಗಿ ಹಿಡಿದುಕೊಳ್ಳುವುದು ಆ ಬ್ಲಾಕಿನೊಳಗಿನ ಎಕ್ಸಾಸ್ಟ್ ವಾಲ್ವುಗಳೇ. ಪ್ಲಗ್ ನಾಲ್ಕೂ ಬಿಚ್ಚಿ, ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಪ್ರತಿ ಸಿಲಿಂಡರಿಗೂ ಸ್ವಲ್ಪ ಹಾಕಿ, ಕೆಲವು ದಿನ ಬಿಡಿ. ಬ್ಲಾಕಿನ ಪಕ್ಕದ ಕವರ್ ತೆಗೆದು ವಾಲ್ವ್ ಕಾಂಡಗಳಿಗೂ ಎಣ್ಣೆ ಬಿಡಿ. ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಇನ್ನಷ್ಟು ಎಣ್ಣೆ, ಇನ್ನಷ್ಟು ದಿನ. ಕೈಯಲ್ಲಿ ಪೂರ್ತಿ ಸುತ್ತು ತಿರುಗಿದ ಮೇಲೂ ಎಲ್ಲ ವಾಲ್ವುಗಳೂ ಮೇಲೆ ಕೆಳಗೆ ಹೋಗುತ್ತಿವೆಯಾ ಅಂತ ಕಣ್ಣಲ್ಲಿ ನೋಡಿಯೇ ಮುಂದುವರಿಯಿರಿ.

ಇನ್ನೊಂದು ವಿಷಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಯಿಲ್ ಪ್ಯಾನ್ ಇಳಿಸಿ ತೊಳೆಯದೆ ಹೊಸ ಎಣ್ಣೆ ಹಾಕಬೇಡಿ. ಹಳೆಯ ಕಾಲದ ಎಣ್ಣೆಗೆ ಕೊಳೆ ಕರಗಿಸುವ ಗುಣ ಕಡಿಮೆ, ಕೊಳೆ ತಳದಲ್ಲಿ ಕೆಸರಿನಂತೆ ಕೂತಿರುತ್ತದೆ. ಇವತ್ತಿನ ಎಣ್ಣೆ ಅದನ್ನು ಬಿಡಿಸುತ್ತದೆ, ಬಿಟ್ಟ ಕೆಸರು ಹೋಗಿ ಎಣ್ಣೆ ಹರಿಯುವ ದಾರಿಯನ್ನೇ ಕಟ್ಟುತ್ತದೆ. ಪ್ಯಾನ್ ಇಳಿಸಿದಾಗ ಬೇರಿಂಗ್ ಕ್ಯಾಪ್ ಒಂದೆರಡು ಬಿಚ್ಚಿ ನೋಡಿದರೆ ಎಂಜಿನ್ ಪೂರ್ತಿ ಬಿಚ್ಚಬೇಕಾ ಬೇಡವಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಮೇಸ್ತ್ರಿಗೆ ಈ ಅಳತೆಗಳನ್ನು ಬರೆದು ಕೊಡಿ: ಎಂಜಿನ್ ತಣ್ಣಗಿದ್ದಾಗ ವಾಲ್ವ್ ಗ್ಯಾಪ್ ಇನ್‌ಲೆಟ್ 0.018 ಇಂಚು, ಎಕ್ಸಾಸ್ಟ್ 0.016 ಇಂಚು, ಪಾಯಿಂಟ್ 0.020, ಪ್ಲಗ್ 0.030, ಫೈರಿಂಗ್ ಆರ್ಡರ್ 1-3-4-2.

ಡೀಸೆಲ್ ಯಾಕೆ ಬೇಡ ಅಂತ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ? ಮೊದಲನೆಯದು, ಕಾರಣವೇ ಇಲ್ಲ. ಪಾರ್ಟ್ ಸಿಗುವುದಿಲ್ಲ ಅನ್ನುವುದು ಗ್ಯಾರೇಜಿನವರು ಯಾವಾಗಲೂ ಹೇಳುವ ಮಾತು. ಈ ಗಾಡಿಯ ಮಟ್ಟಿಗೆ ಅದು ಸುಳ್ಳು. ಇದೇ ಹರಿಕೇನ್ ಎಂಜಿನ್ ಮಹೀಂದ್ರದವರ ಸಿಜೆ 3ಬಿ ಜೀಪಿನಲ್ಲೂ ಇತ್ತು, ಅದು ನಮ್ಮ ದೇಶದಲ್ಲಿ ದಶಕಗಟ್ಟಲೆ ತಯಾರಾಯಿತು. ಪಿಸ್ಟನ್, ರಿಂಗ್, ವಾಲ್ವ್, ಗ್ಯಾಸ್ಕೆಟ್, ಮೂರು ಗೇರಿನ ಟಿ 90 ಗೇರ್‌ಬಾಕ್ಸಿನ ಸಾಮಾನು, ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಸಾಮಾನು ಇವನ್ನೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯ ಹಳೇ ಅಂಗಡಿಗಳಲ್ಲಿ ಜೀಪಿನದು ಅಂತ ಹೇಳಿ ಕೇಳಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಹೆಸರಿಗಿಂತ ಅಳತೆ ಮುಖ್ಯ. ಸಿಗದೇ ಇರುವುದು ಪಿಕಪ್ಪಿನ ಬಾಡಿ ಸಾಮಾನು, ಅಂದರೆ ಬಾಗಿಲ ಹಿಡಿ, ಜಾಲರಿ, ಲೈಟಿನ ರಿಂಗು, ಕ್ಯಾಬಿನ ಬೀಡಿಂಗ್. ಗ್ಯಾರೇಜಿನವರು ತಲೆ ಕೆಡಿಸಿಕೊಳ್ಳುವುದು ಸುಲಭವಾಗಿ ಸಿಗುವ ಎಂಜಿನ್ ಸಾಮಾನಿಗೆ, ಬಿಸಾಕುವುದು ಸಿಗದ ಈ ಸಣ್ಣ ಸಾಮಾನನ್ನು. ನೀವು ಈ ಸಣ್ಣ ಸಾಮಾನನ್ನೇ ಜೋಪಾನ ಮಾಡಿ.

ಎರಡನೆಯದು, ಡೀಸೆಲ್ ಎಂಜಿನ್ ಭಾರ, ಅದರ ನಡುಕವೂ ಜಾಸ್ತಿ. ಅದನ್ನು ಕೂರಿಸಲು ಚಾಸಿಯ ಅಡ್ಡಪಟ್ಟಿ ಕತ್ತರಿಸುತ್ತಾರೆ, ಕ್ಯಾಬ್ ಕೂರುವ ಜಾಗಗಳಲ್ಲಿ ಬಿರುಕು ಬರುತ್ತದೆ. ಮೂರನೆಯದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ, ಎಂಜಿನ್ ಬದಲಾಯಿಸಲು ಆರ್‌ಟಿಒ ಅನುಮತಿ ಬೇಕು.

ಪೆಟ್ರೋಲ್ ಬಗ್ಗೆ ಎರಡು ಮಾತು. ಸೀಸ ಇಲ್ಲದ ಪೆಟ್ರೋಲಿನಿಂದ ವಾಲ್ವ್ ಸೀಟ್ ತಿಂದುಹೋಗುತ್ತದೆ ಅನ್ನುವ ಭಯ ಈ ಎಂಜಿನ್ನಿಗೆ ಬೇಡ, ಎಕ್ಸಾಸ್ಟ್ ಕಡೆ ಗಟ್ಟಿ ಲೋಹದ ಸೀಟ್ ಕೂರಿಸಿಯೇ ಬಂದಿದೆ. ತೊಂದರೆ ಕೊಡುವುದು ಈಗಿನ ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ವಾಷರ್ ಇವನ್ನೆಲ್ಲ ಅದು ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನೂ ಎಳೆದುಕೊಂಡು ಟ್ಯಾಂಕಿಗೆ ನೀರು ಇಳಿಸುತ್ತದೆ. ಆದ್ದರಿಂದ ಎಥೆನಾಲ್ ತಡೆಯುವ ರಬ್ಬರಿನ ಪೈಪು ಮತ್ತು ಡಯಾಫ್ರಮ್ ಹಾಕಿಸಿ. ಟ್ಯಾಂಕ್ ಇಳಿಸಿ ತೊಳೆಸಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬುರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ. ಕಾರ್ಟರ್ ಕಾರ್ಬುರೇಟರ್ ಇನ್ನೂ ಗಾಡಿಯಲ್ಲೇ ಇದ್ದರೆ ಅದನ್ನೇ ಕಿಟ್ ಹಾಕಿ ಸರಿ ಮಾಡಿಸಿ, ಬೇರೆ ಯಾವುದೋ ಕಾರಿನದು ತಂದು ಕೂರಿಸುವುದು ಬೇಡ.

ಬ್ರೇಕಿನಲ್ಲಿ ಮಾತ್ರ ನಾನು ಹಳೆಯದರ ಪರ ವಾದ ಮಾಡುವುದಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್, ಒಂದೇ ಮಾಸ್ಟರ್ ಸಿಲಿಂಡರ್, ಅದೂ ನೆಲದ ತಗಡಿನ ಕೆಳಗೆ ಕಾಣದ ಜಾಗದಲ್ಲಿ. ಒಂದು ಪೈಪು ಒಡೆದರೆ ನಾಲ್ಕೂ ಬ್ರೇಕ್ ಹೋಯಿತು. ನಿಮ್ಮ ಊರು ಶಿರಾಡಿ ಘಾಟಿಯ ತಲೆಯ ಮೇಲಿದೆ, ಹಾಗಾಗಿ ಇದು ತಮಾಷೆಯಲ್ಲ. ಡ್ರಮ್ ಹಾಗೇ ಇರಲಿ, ಡಿಸ್ಕ್ ಹಾಕುವ ಅಗತ್ಯ ಇಲ್ಲ. ಎಲ್ಲ ಉಕ್ಕಿನ ಪೈಪು, ರಬ್ಬರ್ ಪೈಪು ಹೊಸದು ಹಾಕಿಸಿ. ವೀಲ್ ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಲೇತ್‌ನಲ್ಲಿ ಸ್ಟೇನ್‌ಲೆಸ್ ಸ್ಲೀವ್ ಕೂರಿಸಬಹುದು. ಮಾಸ್ಟರ್ ಸಿಲಿಂಡರ್ ಜಾಗಕ್ಕೆ ಮುಂದೆ ಹಿಂದೆ ಬೇರೆ ಬೇರೆ ಕೆಲಸ ಮಾಡುವ ಎರಡು ಕೋಣೆಯದನ್ನು ಬ್ರಾಕೆಟ್ ಮಾಡಿಸಿ ಬೋಲ್ಟಿನಲ್ಲೇ ಕೂರಿಸಿ. ನೆಲದ ಕೆಳಗೆ ಇರುವುದರಿಂದ ಯಾರಿಗೂ ಕಾಣುವುದಿಲ್ಲ, ಹಳೆಯದನ್ನು ಎಣ್ಣೆ ಸವರಿ ಡಬ್ಬಿಯಲ್ಲಿಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಹಳೇ ಬ್ರೇಕ್ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವ ಜಾಸ್ತಿ, ಅದರ ಧೂಳು ಉಸಿರಿಗೆ ಹೋದರೆ ಅಪಾಯ, ಡ್ರಮ್ ಬಿಚ್ಚಿದಾಗ ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಹುಡುಗರಿಗೂ ಹೇಳಿ. ನೀರು ಹಾಕಿ ಒದ್ದೆ ಮಾಡಿ ಒರೆಸಬೇಕು. ಹ್ಯಾಂಡ್‌ಬ್ರೇಕ್ ಈ ಗಾಡಿಯಲ್ಲಿ ಚಕ್ರಕ್ಕೆ ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮಿಗೆ ಹಿಡಿಯುತ್ತದೆ. ಗಾಡಿ ನಿಂತ ಮೇಲೆ ಮಾತ್ರ ಎಳೆಯಿರಿ.

ವೈರಿಂಗ್ 6 ವೋಲ್ಟ್. ಯಾರಾದರೂ ಈಗಾಗಲೇ 12 ಮಾಡಿದ್ದಾರಾ ನೋಡಿಕೊಳ್ಳಿ. 6 ವೋಲ್ಟಿನಲ್ಲಿ ಲೈಟ್ ಮಂಕು, ಸೆಲ್ಫ್ ನಿಧಾನ ಅನ್ನುವ ದೂರು ಬಹಳ. ಅದರ ಕಾರಣ ಸಾಮಾನ್ಯವಾಗಿ ಸಣ್ಣ ಕೇಬಲ್ ಮತ್ತು ತುಕ್ಕು ಹಿಡಿದ ಅರ್ತ್. ವೋಲ್ಟ್ ಅರ್ಧ ಆದಾಗ ಅದೇ ಕೆಲಸಕ್ಕೆ ಕರೆಂಟ್ ಎರಡರಷ್ಟು ಹರಿಯಬೇಕು, ಆದ್ದರಿಂದ ಬ್ಯಾಟರಿ ಕೇಬಲ್ ಬಹಳ ದಪ್ಪ ಇರಬೇಕು. ಎಂಜಿನ್ನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ತಗಡು ಹೊಳೆಯುವಂತೆ ಉಜ್ಜಿ ಅರ್ತ್ ಕೊಡಬೇಕು. ಇಷ್ಟು ಮಾಡಿ ನೋಡಿ, 6 ವೋಲ್ಟಿನಲ್ಲೇ ಗಾಡಿ ಚೆನ್ನಾಗಿ ಏಳುತ್ತದೆ. ಕಷ್ಟ ಇರುವುದು ದೊಡ್ಡ 6 ವೋಲ್ಟ್ ಬ್ಯಾಟರಿ ಸಿಗುವುದರಲ್ಲಿ. ಸಿಗಲೇ ಇಲ್ಲ ಅಂದರೆ 12ಕ್ಕೆ ಹೋಗಿ, ನನ್ನ ಅಭ್ಯಂತರ ಇಲ್ಲ, ಆದರೆ ಡೈನಮೊ ಮತ್ತು ರೆಗ್ಯುಲೇಟರ್ ಕಾಪಾಡಿ ಇಡಿ, ಹಳೇ ಮೀಟರುಗಳಿಗೆ ವೋಲ್ಟೇಜ್ ಇಳಿಸುವ ಪುಟ್ಟ ಸಾಧನ ಹಾಕಿ ಅವನ್ನೇ ಉಳಿಸಿಕೊಳ್ಳಿ. ಹೆಡ್‌ಲೈಟು 7 ಇಂಚಿನ ದುಂಡನೆಯದು, ಅಂಬಾಸಡರ್‌ಗೆ, ಜೀಪಿಗೆ ಬರುವ ಅಳತೆಯೇ, ಗಾಜಿನ ಲೈಟ್ ಸುಲಭವಾಗಿ ಸಿಗುತ್ತದೆ. ವೈಪರ್ ಎಂಜಿನ್ನಿನ ವ್ಯಾಕ್ಯೂಮಿನಿಂದ ಓಡುತ್ತದೆ. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ವ್ಯಾಕ್ಯೂಮ್ ಇಳಿದು ವೈಪರ್ ಸುಸ್ತಾಗುತ್ತದೆ. ಪೆಟ್ರೋಲ್ ಪಂಪಿಗೆ ಅಂಟಿಕೊಂಡಿರುವ ಇನ್ನೊಂದು ಡಯಾಫ್ರಮ್ ಇರುವುದೇ ಆಗ ಸಹಾಯ ಮಾಡಲಿ ಅಂತ, ಅದನ್ನು ರಿಪೇರಿ ಮಾಡಿಸಿ. ಜುಲೈ ಮಳೆಗೆ ಅದೂ ಸಾಲದು ಅನ್ನುವುದಾದರೆ ಕರೆಂಟಿನ ಮೋಟಾರನ್ನು ಹಳೇ ತೂತುಗಳಲ್ಲೇ ಕೂರಿಸಿ.

ಬಾಡಿ ಕೆಲಸದಲ್ಲೇ ಗಾಡಿಯ ಗುಣ ಉಳಿಯುವುದು ಅಥವಾ ಹೋಗುವುದು. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಇಡೀ ಬಾಡಿ ಸವರಿ. ಹಿಡಿಯದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಕ್ಯಾಬಿನ ನೆಲ, ಕ್ಯಾಬಿನ ಹಿಂದಿನ ಕೆಳಮೂಲೆಗಳು, ಬಾಗಿಲ ತಳ, ಹಿಂದಿನ ತೊಟ್ಟಿಯ ಮುಂಗೋಡೆ ನೆಲ ಸೇರುವ ಜಾಗ ಇಲ್ಲೆಲ್ಲ ಜಾಸ್ತಿ ತಿಂದಿರುತ್ತದೆ. ತೋಟದ ಗಾಡಿ ಅಂದಮೇಲೆ ಗೊಬ್ಬರ ಹೊತ್ತಿರುತ್ತದೆ, ಆ ಉಪ್ಪು ತೊಟ್ಟಿಯ ಸಂದುಗಳಲ್ಲಿ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ. ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ.

ತುಕ್ಕು ತೆಗೆಯಲು ಇಡೀ ಬಾಡಿಯನ್ನು ಮರಳು ಹೊಡೆಯುವವರ ಹತ್ತಿರ ಕಳಿಸಬೇಡಿ. ಚಾಸಿಗೆ ಆಗಬಹುದು, ಆದರೆ ಈ ಚಪ್ಪಟೆ ತಗಡುಗಳು ಆ ಹೊಡೆತಕ್ಕೆ ಅಲೆಅಲೆಯಾಗಿ ಸೊಟ್ಟಗಾಗುತ್ತವೆ, ಆಮೇಲೆ ಯಾರಿಂದಲೂ ನೇರ ಮಾಡಲು ಆಗುವುದಿಲ್ಲ. ಸಣ್ಣ ಕಬ್ಬಿಣದ ಸಾಮಾನಿಗೆ ಕಾಕಂಬಿ ಬಹಳ ಒಳ್ಳೆಯದು. ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು ಬೆರೆಸಿ ಡ್ರಮ್ಮಿನಲ್ಲಿ ಒಂದೆರಡು ವಾರ ಮುಳುಗಿಸಿಡಿ. ತುಕ್ಕು ಬಿಡುತ್ತದೆ, ಒಳ್ಳೆಯ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ವಾಸನೆ ಬರುತ್ತದೆ, ಮನೆಯಿಂದ ದೂರ ಇಡಿ. ಕಾರ್ಬುರೇಟರಿನಂಥ ಸತು, ಅಲ್ಯೂಮಿನಿಯಂ ಸಾಮಾನು ಮಾತ್ರ ಅದಕ್ಕೆ ಹಾಕಬೇಡಿ, ತಿಂದುಹಾಕುತ್ತದೆ. ಬೇಗ ಬೇಕು ಅಂದರೆ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರ್ ಕೊಟ್ಟು ತೆಗೆಯಬಹುದು. ಸಾಮಾನಿಗೆ ನೆಗೆಟಿವ್, ಪಕ್ಕದಲ್ಲಿ ಇಳಿಬಿಟ್ಟ ಹಳೇ ಕಬ್ಬಿಣದ ತುಂಡಿಗೆ ಪಾಸಿಟಿವ್. ಆ ತುಂಡು ಸ್ಟೇನ್‌ಲೆಸ್ ಆಗಿರಲೇಬಾರದು, ನೀರಿಗೆ ವಿಷಕಾರಿ ಕ್ರೋಮಿಯಂ ಬರುತ್ತದೆ. ಗಾಳಿ ಆಡುವ ಜಾಗದಲ್ಲಿ ಮಾಡಿ, ಏಳುವ ಗುಳ್ಳೆ ಹೈಡ್ರೋಜನ್, ಹತ್ತಿರ ಬೀಡಿ ಹಚ್ಚುವಂತಿಲ್ಲ.

ತೂತಾದ ಕಡೆ ಪೂರ್ತಿ ತಗಡು ಬದಲಾಯಿಸಬೇಡಿ. ಕೆಟ್ಟದ್ದನ್ನು ಮಾತ್ರ ಕತ್ತರಿಸಿ, ಹಳೆಯದರಷ್ಟೇ ದಪ್ಪದ ತಗಡನ್ನು ಅದೇ ಆಕಾರಕ್ಕೆ ಬಡಿದು, ಅಂಚಿಗೆ ಅಂಚು ಸೇರಿಸಿ ಮಿಗ್ ವೆಲ್ಡಿಂಗಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೂಡಿಸಬೇಕು, ಒಂದು ಚುಕ್ಕಿ ಇಲ್ಲಿ, ಅದು ಆರುವ ತನಕ ಇನ್ನೊಂದು ಅಲ್ಲಿ. ಗ್ಯಾಸ್ ವೆಲ್ಡಿಂಗಿನಲ್ಲಿ ಪಳಗಿದ ಕೈ ಇಲ್ಲದಿದ್ದರೆ ಆ ಶಾಖಕ್ಕೆ ತಗಡು ಎದ್ದುಬಿಡುತ್ತದೆ. ಹಳೆಯ ತಗಡಿನ ಮೇಲೆ ಹೊಸ ತಗಡು ಮುಚ್ಚಿ ಬೆಸುಗೆ ಹಾಕುವುದು ನಮ್ಮ ಕಡೆ ಮಾಮೂಲಿ. ಮಧ್ಯೆ ನೀರು ನಿಂತು ಕೆಲವೇ ಮಳೆಗಾಲದಲ್ಲಿ ಎರಡೂ ಹೋಗುತ್ತವೆ. ಹಿಂದಿನ ತೊಟ್ಟಿಯಲ್ಲಿ ಕಾಫಿ ಮೂಟೆ ಹೇರಿ ಇಳಿಸಿ ಆದ ತಗ್ಗುಗಳು ಇರುತ್ತವಲ್ಲ, ಅವನ್ನು ಹಾಗೇ ಬಿಡಿ. ದಯವಿಟ್ಟು ಬಿಡಿ. ಅದು ದುಡಿದ ಗಾಡಿ, ಆ ಗುರುತುಗಳನ್ನು ಪುಟ್ಟಿ ಹಾಕಿ ಮುಚ್ಚಿದರೆ ನೀವು ಕೇಳಿದ ಅಜ್ಜನ ಗಾಡಿ ಅಲ್ಲಿ ಇರುವುದಿಲ್ಲ.

ಪೇಂಟ್ ಪೂರ್ತಿ ಮಾಡಿಸಬೇಕಾ? ಮೊದಲು ಇರುವುದನ್ನು ಉಳಿಸಲು ನೋಡಿ. ಮೆತ್ತನೆ ಸೋಪಿನಲ್ಲಿ ತೊಳೆದು, ಕಾಣದ ಮೂಲೆಯಲ್ಲಿ ಅಂಗೈಯಷ್ಟು ಜಾಗಕ್ಕೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿ. ಮಾಸಿದ ಹಳೇ ಎನಾಮೆಲ್ ಕೆಳಗೆ ಎಷ್ಟೋ ಸಲ ಒಳ್ಳೆಯ ಬಣ್ಣ ಇರುತ್ತದೆ. ಮೂಲ ಬಣ್ಣ ಯಾವುದು ಅಂತ ಗೊತ್ತಾಗಬೇಕಾದರೆ ಡ್ಯಾಶಿನ ಹಿಂದೆ, ಸೀಟಿನ ಕೆಳಗೆ ನೋಡಿ, ಅಲ್ಲಿ ಬಿಸಿಲು ಬಿದ್ದಿರುವುದಿಲ್ಲ. ಬಣ್ಣ ಹೋದ ಕಡೆ ತುಕ್ಕು ನಿಲ್ಲಿಸಿ, ಕುದಿಸಿದ ಅಗಸೆ ಎಣ್ಣೆ ತೆಳುವಾಗಿ ಒರೆಸಿದರೆ ಮಾಸಿದ ಚೆಲುವು ಹಾಗೇ ಉಳಿಯುತ್ತದೆ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಶೆಡ್ಡಿನಲ್ಲಿ ಬಿಸಾಕಬೇಡಿ, ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ. ಬಣ್ಣ ಹಚ್ಚಿಸಲೇಬೇಕಾದ ತುಂಡುಗಳಿಗೆ ಹಳೇ ಥರದ ಸಾದಾ ಎನಾಮೆಲ್ ಸಾಕು. ಮೆಟಾಲಿಕ್, ಅದರ ಮೇಲೆ ಗಾಜಿನಂಥ ಕ್ಲಿಯರ್ ಕೋಟ್ ಈ ಗಾಡಿಗೆ ಒಪ್ಪುವುದಿಲ್ಲ. ಕಾಣದ ಒಳಸಂದುಗಳಿಗೆ, ಚಾಸಿಯ ಒಳಗೆ ಮೇಣದ ಸ್ಪ್ರೇ ಹೊಡೆಸಿ, ನೀರು ಇಳಿಯುವ ತೂತುಗಳನ್ನು ತೆರೆದಿಡಿ.

ಓಡಿಸುವಾಗ ಇದರಿಂದ ಏನು ನಿರೀಕ್ಷೆ ಮಾಡಬೇಕು ಅನ್ನುವುದೂ ಮುಖ್ಯ. ಡಿಫರೆನ್ಷಿಯಲ್ ಅನುಪಾತ 5.38, ಅಂದರೆ ಎಳೆತಕ್ಕೆ ಮಾಡಿದ ಗಾಡಿ. ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿ ಅದಕ್ಕೂ ಖುಷಿ, ನಿಮಗೂ ಖುಷಿ. ಹೈವೇ ಓಡಿಸುವ ಆಸೆ ಇದ್ದರೆ ಸ್ಪೈಸರ್ 18ರ ಹಿಂದೆ ಬೋಲ್ಟಿನಲ್ಲಿ ಕೂರುವ ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತು ತಿರುಗುವಂತೆ ಮಾಡುವ ಹೆಚ್ಚುವರಿ ಗೇರು) ಅಮೆರಿಕದಲ್ಲಿ ಸಿಗುತ್ತದೆ, ಏನನ್ನೂ ಕತ್ತರಿಸಬೇಕಿಲ್ಲ. ಸ್ಟೀರಿಂಗ್ ಭಾರ ಅನಿಸಿದರೆ ಪವರ್ ಸ್ಟೀರಿಂಗ್ ಯೋಚನೆ ಮಾಡುವ ಮುಂಚೆ ಕಿಂಗ್ ಪಿನ್ ಬೇರಿಂಗ್, ಟೈ ರಾಡ್ ತುದಿಗಳು, ಸ್ಟೀರಿಂಗ್ ಬಾಕ್ಸಿನ ಗ್ರೀಸು, ಟೈರಿನ ಗಾಳಿ ಇಷ್ಟನ್ನು ಸರಿ ಮಾಡಿಸಿ. ಬಹುತೇಕ ಭಾರ ಅಲ್ಲೇ ಹೋಗುತ್ತದೆ. ಅಲಾಯ್ ಬೇಡ, ಅಗಲದ ಟೈರಂತೂ ಬೇಡವೇ ಬೇಡ, ಸ್ಟೀರಿಂಗ್ ಭಾರ ಮಾಡುವುದೇ ಅದು. ಹಳೇ ಉಕ್ಕಿನ ರಿಮ್, ಅದರ ಅಳತೆಯದೇ ಕಿರಿದಾದ ಟೈರ್.

ಕಾಗದಪತ್ರದ ವಿಷಯ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಬೇರೆಯೇ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಣಿ ಮಾಡಿಸಲು 20,000 ರೂಪಾಯಿ, 10 ವರ್ಷದ ಮಾನ್ಯತೆ. ಆದರೆ ಆ ನೋಂದಣಿಯಲ್ಲಿ ದಿನನಿತ್ಯ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ. ನಿಮ್ಮದು ಪಿಕಪ್ ಆದ್ದರಿಂದ ಆರ್‌ಸಿಯಲ್ಲಿ ಖಾಸಗಿ ಅಂತಿದೆಯೋ ಗೂಡ್ಸ್ ಅಂತಿದೆಯೋ ಮೊದಲು ನೋಡಿ, ಆ ಕಾಗದ ಹಿಡಿದುಕೊಂಡು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ದುಡ್ಡು ಖರ್ಚು ಮಾಡಿ. ಡೀಸೆಲ್ ಹಾಕಿಸಿದ್ದರೆ ಈ ದಾರಿ ಮುಚ್ಚಿಯೇ ಹೋಗುತ್ತಿತ್ತು.

ಈ ವಾರ ಮಾಡಬೇಕಾದದ್ದು ಇಷ್ಟೇ. ಗಾಡಿಯ ಮೇಲೆ ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿದ್ದರೆ ತೆಗೆದುಬಿಡಿ, ಒಳಗೆ ತೇವ ಕಟ್ಟುತ್ತದೆ, ಬದಲಿಗೆ ಹತ್ತಿ ಬಟ್ಟೆ ಹೊದಿಸಿ. ನಾಲ್ಕೂ ಕಡೆ ಆಕ್ಸಲ್ ಕೆಳಗೆ ಮರದ ದಿಮ್ಮಿ ಕೊಟ್ಟು ಟೈರಿನ ಮೇಲಿನ ಭಾರ ಇಳಿಸಿ. ಪ್ಲಗ್ ಬಿಚ್ಚಿ ಎಣ್ಣೆ ಹಾಕಿ. ಇಲಿಗಳು ಏರ್ ಕ್ಲೀನರಿನಲ್ಲಿ, ಸೀಟಿನ ಕೆಳಗೆ ಗೂಡು ಕಟ್ಟಿವೆಯಾ ನೋಡಿ. ಎಂಜಿನ್ ನಂಬರ್, ಸೀರಿಯಲ್ ನಂಬರಿನ ಪ್ಲೇಟ್, ಬಾಗಿಲಿನ ಬರಹ, ಕ್ಯಾಬಿನ ನೆಲ ಇವುಗಳ ಫೋಟೋ ಕಳಿಸಿ, ತಗಡು ಎಲ್ಲಿಂದ ಎಲ್ಲಿಯವರೆಗೆ ಕತ್ತರಿಸಬೇಕು ಅಂತ ಗುರುತು ಹಾಕಿ ಹೇಳುತ್ತೇನೆ.